ಕರ್ನಲ್ ಲಿಲ್ಲಿ ಬೇಡ ಅಂದಿದ್ದ ದಾರಿ

2024ರ ಜನವರಿಯಲ್ಲಿ ಅಮೆರಿಕದಿಂದ ಒಂದು ಸುದ್ದಿ ಬಂತು. ಎಲಿ ಲಿಲ್ಲಿ ಅನ್ನೋ ದೊಡ್ಡ ಔಷಧ ಕಂಪನಿ 'ಲಿಲ್ಲಿಡೈರೆಕ್ಟ್' ಅಂತ ವೆಬ್‌ಸೈಟ್ ತೆರೆದಿದೆ. ಸಕ್ಕರೆ ಕಾಯಿಲೆ, ಬೊಜ್ಜು, ಮೈಗ್ರೇನ್ ಔಷಧ ಇನ್ನು ಕಂಪನಿಯ ಮೂಲಕವೇ ಮನೆಗೆ ಬರುತ್ತೆ ಅಂತ. ಮರುವರ್ಷ ನೋವೋ ನಾರ್ಡಿಸ್ಕ್ ಕೂಡ ಅದೇ ದಾರಿ ಹಿಡಿಯಿತು. ಕ್ರಾಂತಿ ಅಂದರು ಕೆಲವರು. ಕ್ರಾಂತಿ ಏನೂ ಅಲ್ಲ ಸ್ವಾಮಿ. ಅಮೆರಿಕ ಈ ದಾರಿಯನ್ನು ಒಮ್ಮೆ ನಡೆದು, ಪೆಟ್ಟು ತಿಂದು, ವಾಪಸ್ ಬಂದಿತ್ತು.

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಔಷಧ ತಯಾರಿಸೋನು ಡಾಕ್ಟರ್ ಕಡೆ ನೋಡ್ತಾನೇ ಇರಲಿಲ್ಲ, ಪತ್ರಿಕೆ ಜಾಹೀರಾತಿನಲ್ಲಿ ನೇರ ರೋಗಿಯ ಜೊತೆ ಮಾತಾಡ್ತಿದ್ದ. ಮ್ಯಾಸಚೂಸೆಟ್ಸ್‌ನ ಲಿಡಿಯಾ ಪಿಂಕಮ್ ಅನ್ನೋ ಹೆಣ್ಣುಮಗಳು 1875ರಲ್ಲಿ ಹೆಂಗಸರ ಕಾಯಿಲೆಗೆ ಅಂತ ಒಂದು ಗಿಡಮೂಲಿಕೆ ಕಷಾಯ ಮಾರಾಟಕ್ಕೆ ಇಟ್ಟಳು. ಅದರಲ್ಲಿ ಸುಮಾರು ಶೇಕಡ 18ರಷ್ಟು ಆಲ್ಕೋಹಾಲ್! 'ನಿಮ್ಮ ಕಷ್ಟ ಮಿಸೆಸ್ ಪಿಂಕಮ್‌ಗೆ ಬರೆಯಿರಿ' ಅಂತ ಜಾಹೀರಾತು. ಸಾವಿರಾರು ಹೆಂಗಸರು ಬರೆದರು, ಉತ್ತರಾನೂ ಬಂತು. 1905ರಲ್ಲಿ ಲೇಡೀಸ್ ಹೋಮ್ ಜರ್ನಲ್ ಪತ್ರಿಕೆ ಒಂದು ಫೋಟೋ ಹಾಕಿತು, ಲಿಡಿಯಾ ಪಿಂಕಮ್ ಸಮಾಧಿಯದ್ದು. ಆಕೆ ತೀರಿಕೊಂಡು ಆಗಲೇ 22 ವರ್ಷ ಆಗಿತ್ತು!

ಈ ಗದ್ದಲದ ನಡುವೆ ಇಂಡಿಯಾನಾಪೊಲಿಸ್‌ನಲ್ಲಿ ಒಬ್ಬ ಮಾಜಿ ಸೇನಾಧಿಕಾರಿ ಇದ್ದ. ಅಂತರ್ಯುದ್ಧದಲ್ಲಿ ಹೋರಾಡಿದ್ದವನು, ಕಸುಬಿನಲ್ಲಿ ಔಷಧ ತಜ್ಞ. ಬೀದಿಬದಿ ಮಾರೋ ಇಂಥ ಬಾಟಲಿಗಳನ್ನು ಕಂಡರೆ ಅವನಿಗೆ ಆಗ್ತಿರಲಿಲ್ಲ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಕೊಡಬೇಕಾದ, ಗುಣಮಟ್ಟದ ಔಷಧ ಮಾಡ್ತೀನಿ ಅಂತ 1876ರಲ್ಲಿ ಕಂಪನಿ ಕಟ್ಟಿದ. ಅವನ ಹೆಸರು ಕರ್ನಲ್ ಎಲಿ ಲಿಲ್ಲಿ. ಹೌದು, ಇವತ್ತು ರೋಗಿಗೆ ನೇರ ಮಾರೋಕೆ ಹೊರಟಿರೋ ಅದೇ ಕಂಪನಿ.

ಆಮೇಲೆ ಕಾನೂನುಗಳು ಬಂದವು. ಔಷಧದಲ್ಲಿ ಆಲ್ಕೋಹಾಲ್, ಅಫೀಮು ಇದ್ದರೆ ಲೇಬಲ್ ಮೇಲೆ ಬರೀಬೇಕು ಅಂದಿತು 1906ರ ಕಾಯ್ದೆ. 1937ರಲ್ಲಿ ವಿಷಕಾರಿ ದ್ರಾವಕ ಬೆರೆಸಿದ ಒಂದು ಸಲ್ಫಾ ಔಷಧ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೂ ಅನೇಕರು. ಮಾರಾಟಕ್ಕೆ ಮುಂಚೆ ಸುರಕ್ಷತೆ ಸಾಬೀತು ಮಾಡಿ ಅಂತ 1938ರಲ್ಲಿ ಹೊಸ ಕಾನೂನು. ಚೀಟಿ ಇಲ್ಲದೆ ಯಾವುದನ್ನು ಕೊಡಬಾರದು ಅನ್ನೋದನ್ನು 1951ರ ಡರ್‌ಹ್ಯಾಮ್-ಹಂಫ್ರಿ ತಿದ್ದುಪಡಿ ಸ್ಪಷ್ಟ ಮಾಡಿತು. ಅದನ್ನು ತಂದ ಇಬ್ಬರೂ ಮೂಲತಃ ಔಷಧ ಅಂಗಡಿಯವರೇ, ನೋಡಿ! ಹೀಗೆ ತಯಾರಕನಿಗೂ ರೋಗಿಗೂ ನಡುವೆ ಇಬ್ಬರು ಕಾವಲುಗಾರರು ನಿಂತರು: ಬರೆಯೋ ಡಾಕ್ಟರ್, ಚೀಟಿ ಓದಿ ಕೊಡೋ ಫಾರ್ಮಸಿಸ್ಟ್. 1901ರಲ್ಲಿ ಷಿಕಾಗೋದ ಒಂದೇ ಅಂಗಡಿಯಿಂದ ಶುರುವಾದ ವಾಲ್‌ಗ್ರೀನ್ಸ್ ದೇಶದ ಮೂಲೆ ಮೂಲೆಗೂ ಹಬ್ಬಿತು.

ಹಾಗಾದರೆ ಕೆಟ್ಟಿದ್ದೆಲ್ಲಿ? ಮೂರನೆಯವನು ಬಂದು ಕೂತಾಗ. ಫಾರ್ಮಸಿ ಬೆನಿಫಿಟ್ ಮ್ಯಾನೇಜರ್ ಅಂತಾರೆ, ಇನ್ಶೂರೆನ್ಸ್ ಪರವಾಗಿ ಔಷಧದ ದರ ಚೌಕಾಸಿ ಮಾಡೋ ದಲ್ಲಾಳಿ. ಇವನ ಪಟ್ಟಿಗೆ ಸೇರೋಕೆ ಕಂಪನಿ ರಿಬೇಟ್ ಕೊಡಬೇಕು. ರಿಬೇಟ್ ದೊಡ್ಡದಾಗಬೇಕಾದರೆ ನಮೂದಿಸಿದ ಬೆಲೆ ಏರಬೇಕು. ಇನ್ಶೂರೆನ್ಸ್ ಇಲ್ಲದ ಬಡಪಾಯಿ ಆ ಏರಿದ ಬೆಲೆ ತೆರಬೇಕು! ಮೂರೇ ಮೂರು ದಲ್ಲಾಳಿ ಸಂಸ್ಥೆಗಳು ಅಮೆರಿಕದ ಸುಮಾರು ಶೇಕಡ 80ರಷ್ಟು ಚೀಟಿ ನೋಡ್ಕೊಳ್ತವೆ. ಅದರಲ್ಲಿ ಒಂದಾದ ಕೇರ್‌ಮಾರ್ಕ್ ಅನ್ನು 2007ರಲ್ಲಿ ಕೊಂಡಿದ್ದು ಯಾರು? ಸಿವಿಎಸ್ ಅನ್ನೋ ಔಷಧ ಅಂಗಡಿ ಸರಪಳಿಯೇ. ಬೇರೆ ಅಂಗಡಿಯವರ ಲಾಭ ಎಷ್ಟಿರಬೇಕು ಅಂತ ಎದುರು ಅಂಗಡಿಯ ಮಾಲೀಕನೇ ನಿರ್ಧರಿಸಿದ ಹಾಗೆ ಆಯ್ತು.

ಲಿಲ್ಲಿ ಹಾರಿದ್ದು ಈ ಗೋಡೆಯನ್ನು. ತೂಕ ಇಳಿಸೋ ಜೆಪ್‌ಬೌಂಡ್ ಇಂಜೆಕ್ಷನ್ ಪೆನ್ನಿಗೆ ತಿಂಗಳಿಗೆ ಸಾವಿರ ಡಾಲರ್‌ಗೂ ಮೇಲೆ ನಮೂದಿತ ಬೆಲೆ. ಅದೇ ಔಷಧದ ಆರಂಭದ ಡೋಸನ್ನು ವಯಲ್‌ನಲ್ಲಿ ಹಾಕಿ, ಇನ್ಶೂರೆನ್ಸ್ ಬಿಟ್ಟು ನಗದು ಕೊಡೋರಿಗೆ 399 ಡಾಲರ್ ಅಂದಿತು 2024ರ ಆಗಸ್ಟ್‌ನಲ್ಲಿ. ರೋಗಿಗೆ ಲಾಭವೇ, ಇಲ್ಲ ಅನ್ನೋಕಾಗಲ್ಲ. ಆದರೆ ಇಷ್ಟು ಇಳಿಸೋಕೆ ಸಾಧ್ಯ ಇತ್ತು ಅಂತಾದರೆ ಇಷ್ಟು ದಿನ ಉಳಿದ ದುಡ್ಡು ಯಾರ ಜೇಬಿಗೆ ಹೋಗ್ತಿತ್ತು ಅಂತ ಕೇಳಬೇಕಲ್ಲ?

ಇನ್ನು ಅಂಗಡಿಗಳ ಕಥೆ. 1962ರಲ್ಲಿ ಹುಟ್ಟಿದ ರೈಟ್ ಏಡ್ 2023ರಲ್ಲಿ ದಿವಾಳಿ, 2025ರಲ್ಲಿ ಇನ್ನೊಮ್ಮೆ ದಿವಾಳಿ, ಅದೇ ಅಕ್ಟೋಬರ್‌ಗೆ ಕೊನೆಯ ಅಂಗಡಿಗೂ ಬೀಗ. 1200 ಅಂಗಡಿ ಮುಚ್ತೀವಿ ಅಂತ ಘೋಷಿಸಿದ ವಾಲ್‌ಗ್ರೀನ್ಸ್ ಖಾಸಗಿ ಹೂಡಿಕೆದಾರರ ಪಾಲಾಯ್ತು. ಇದನ್ನೆಲ್ಲ ಲಿಲ್ಲಿಡೈರೆಕ್ಟ್ ಮಾಡಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಾಲ, ಓಪಿಯಾಯ್ಡ್ ಮಾತ್ರೆ ಕೇಸುಗಳು, ದಲ್ಲಾಳಿ ಹಿಂಡಿದ್ದು, ಎಲ್ಲ ಸೇರಿ ಅವು ಮೊದಲೇ ಹಣ್ಣಾಗಿದ್ದವು. ಈ ದುಬಾರಿ ಇಂಜೆಕ್ಷನ್ ಮಾರಿದರೆ ಕೊಂಡ ದರವೂ ವಾಪಸ್ ಬರಲ್ಲ ಅಂತ ಎಷ್ಟೋ ಅಂಗಡಿಯವರು ಗೋಳಾಡ್ತಿದ್ದರು. ಮಾರಿದರೆ ನಷ್ಟ; ಕಂಪನಿಯೇ ಮಾರಿದರೆ ಅಂಗಡಿಗೆ ಗಿರಾಕಿಯೂ ಬರಲ್ಲ.

ನನ್ನ ತಕರಾರು ಇಲ್ಲಿದೆ. ಕಂಪನಿ ಹಾರಿದ್ದು ದಲ್ಲಾಳಿಯನ್ನು, ಕೆಳಗೆ ಸಿಕ್ಕಿಕೊಂಡವನು ಫಾರ್ಮಸಿಸ್ಟ್. ದಲ್ಲಾಳಿ ಇನ್ನೂ ಗಟ್ಟಿಯಾಗಿ ಕೂತಿದ್ದಾನೆ. 'ಬಿಪಿಗೆ ಏನು ತಗೊಳ್ತಿದ್ದೀರಿ? ಇದರ ಜೊತೆ ಅದು ಬೇಡ' ಅಂತ ಕೌಂಟರ್ ಹಿಂದೆ ನಿಂತು ಕೇಳೋನು ಎದ್ದು ಹೋಗ್ತಿದ್ದಾನೆ. ಕಂಪನಿಯ ವೆಬ್‌ಸೈಟ್ ಮಾರೋದು ಆ ಕಂಪನಿಯ ಔಷಧವನ್ನು. ರಾತ್ರಿ ಒಂಬತ್ತಕ್ಕೆ ಮಗುವಿಗೆ ಜ್ವರ ಬಂದರೆ ಬೇಕಾಗೋ ಸಿರಪ್ ಅಲ್ಲಿ ಸಿಗಲ್ಲ. ಅದಕ್ಕೆ ಮೂಲೆ ಅಂಗಡಿಗೇ ಓಡಬೇಕು. ರೈಟ್ ಏಡ್ ಮುಚ್ಚಿದ ಎಷ್ಟೋ ಬಡಾವಣೆಗಳಲ್ಲಿ ಆ ಮೂಲೆ ಅಂಗಡಿ ಈಗ ಇಲ್ಲ.