ಕಿಲ್ಲಾರಿ ಭೂಕಂಪ ಮತ್ತು ಸೇವಾ ಸಂಸ್ಥೆಗಳ ಕಾಗದಪತ್ರ

ನಮ್ಮ ಕರಾವಳಿಯಲ್ಲಿ ಒಂದು ಟ್ರಸ್ಟ್ ಶುರು ಮಾಡುವುದು ಕಷ್ಟವಲ್ಲ. ಜುಮಾ ನಮಾಝ್ ಮುಗಿಸಿ ನಾಲ್ಕು ಜನ ಕೂತು ಮಾತಾಡಿದರೆ ಆಂಬುಲೆನ್ಸಿಗೆ ಹಣ ಕೂಡುತ್ತದೆ, ಗಲ್ಫಿನಿಂದಲೂ ಒಂದಷ್ಟು ಬರುತ್ತದೆ. ಐದು ವರ್ಷ ಕಳೆದ ಮೇಲೆ ಆ ಗಾಡಿ ಯಾರ ಹೆಸರಿನಲ್ಲಿದೆ, ಅದರ ವಿಮೆ ಕಟ್ಟುವವರು ಯಾರು ಎಂದು ಕೇಳಿ ನೋಡಿ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಈ ವಿಷಯದಲ್ಲಿ ನಾವು ಕಲಿಯಬೇಕಾದ್ದು ದೂರದ ಮರಾಠವಾಡ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ನಾನು ಯಂತ್ರ ರಿಪೇರಿ ಕೆಲಸಕ್ಕೆಂದು ಆ ಕಡೆ ಓಡಾಡಿದವನು. ಹಾಗಾಗಿ ಅಲ್ಲಿನ ಚರಿತ್ರೆ ಓದುವ ಆಸೆ ಹುಟ್ಟಿತು.

1948ರ ಸೆಪ್ಟೆಂಬರ್‌ವರೆಗೆ ಈ ಮೂರೂ ತಾಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಉದಗೀರ, ನಿಲಂಗಾ ಆಗ ಬೀದರ್ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಉದಗೀರ, ನಿಲಂಗಾ, ಅಹ್ಮದ್‌ಪುರ ಮುಂಬೈ ರಾಜ್ಯಕ್ಕೆ ಹೋದವು. 1960ರಲ್ಲಿ ಅವು ಮಹಾರಾಷ್ಟ್ರದ ಪಾಲಾದವು. ಜನ ಇದ್ದಲ್ಲೇ ಇದ್ದರು, ಕಚೇರಿ ಬದಲಾಯಿತು. ಹಳೆಯ ದಾಖಲೆ ಉರ್ದುವಿನಲ್ಲಿ, ಹೊಸದು ಮರಾಠಿಯಲ್ಲಿ, ಎಷ್ಟೋ ಮನೆಗಳ ಮಾತು ಕನ್ನಡದಲ್ಲಿ. ದರ್ಗಾ, ಮಸೀದಿಗಳ ಜಮೀನಿಗೆ ನಿಜಾಮರ ಕಾಲದ 'ಮುಂತಖಬ್' ಎಂಬ ಪತ್ರವೇ ಮುಖ್ಯ ಆಧಾರ. ಅದು ಕೈಯಲ್ಲಿದ್ದರೂ ಓದಬಲ್ಲವರು ಬೇಕು.

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಈ ಸೀಮೆ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರು ನೆಲಸಮವಾದವು. ಸುಮಾರು 8 ಸಾವಿರ ಜನ ತೀರಿಹೋದರು. ಕಂಪನದ ತೀವ್ರತೆ 6.2ರ ಆಸುಪಾಸು. ಇಷ್ಟು ಸಾವಿಗೆ ಮುಖ್ಯ ಕಾರಣ ಮನೆಯ ರಚನೆ. ಕಾಡುಗಲ್ಲನ್ನು ಮಣ್ಣಿನ ಗಾರೆಯಲ್ಲಿ ಕೂಡಿಸಿದ ದಪ್ಪ ಗೋಡೆ, ಮೇಲೆ ಬಿಸಿಲು ತಡೆಯಲು ಮಣ್ಣು ಹೇರಿದ ಭಾರದ ಮಾಳಿಗೆ. ಗೋಡೆ ಬಿಚ್ಚಿಕೊಂಡಾಗ ಆ ಭಾರವೆಲ್ಲ ಮಲಗಿದ್ದವರ ಮೇಲೆ ಬಿತ್ತು.

ದೇಶದ ಮೂಲೆಮೂಲೆಯಿಂದ ಸಂಸ್ಥೆಗಳು ಓಡಿಬಂದವು. ಆದರೆ ಅನ್ನ, ಬಟ್ಟೆ ಹಂಚಿದಷ್ಟು ಸುಲಭವಾಗಿ ಮನೆ ಕಟ್ಟಿಕೊಡಲು ಆಗುವುದಿಲ್ಲ. ಐವತ್ತರಷ್ಟು ಹಳ್ಳಿಗಳನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸಬೇಕಿತ್ತು. ಜಾಗ ಸರ್ಕಾರದ್ದು, ಮನೆ ದಾನಿ ಸಂಸ್ಥೆಯದ್ದು ಎಂಬ ಒಪ್ಪಂದ. ಜಾಗಕ್ಕೆ ರೈತರ ಹೊಲವನ್ನು ಸ್ವಾಧೀನ ಮಾಡಿಕೊಳ್ಳಬೇಕು. ಹೊಲ ಎರೆಮಣ್ಣಿನದಾದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ನೆಲದಲ್ಲಿ ಅಡಿಪಾಯದ ಖರ್ಚೇ ಏರುತ್ತದೆ. ಮನೆ ಎದ್ದ ಮೇಲೆ ಹಕ್ಕುಪತ್ರ ಯಾರ ಹೆಸರಿಗೆ ಎಂಬ ಪ್ರಶ್ನೆ. ಹೊಸ ಊರಿನ ಅಗಲ ರಸ್ತೆ, ನೀರಿನ ಪೈಪು, ದೀಪಗಳನ್ನು ದಾನಿಗಳು ಹೋದ ನಂತರ ನೋಡಿಕೊಳ್ಳಬೇಕಾದ್ದು ಬಡ ಗ್ರಾಮ ಪಂಚಾಯತಿ.

ಅಲ್ಲಿಯೇ ನೆಲೆನಿಂತು ಕೆಲಸ ಮಾಡಬೇಕೆಂದವರಿಗೆ ಕಾನೂನಿನ ಹಾದಿಯೂ ಉದ್ದ. ನಮ್ಮಲ್ಲಿ ಟ್ರಸ್ಟ್ ಡೀಡನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ ಕೆಲಸ ಶುರು ಮಾಡುತ್ತೇವೆ. ಮಹಾರಾಷ್ಟ್ರದಲ್ಲಿ 1860ರ ಸೊಸೈಟಿ ಕಾಯ್ದೆಯಡಿ ನೋಂದಾಯಿಸಿದ ಸೇವಾ ಸಂಸ್ಥೆಯೂ 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಚಾರಿಟಿ ಕಮಿಷನರರ ಲೆಕ್ಕಕ್ಕೆ ಬರುತ್ತದೆ. ಒಬ್ಬ ಟ್ರಸ್ಟಿ ತೀರಿಹೋದರೂ 90 ದಿನದೊಳಗೆ ಬದಲಾವಣೆಯ ವರದಿ ಕೊಡಬೇಕು. ಸಂಸ್ಥೆಯ ಜಮೀನು ಮಾರಲು ಕಮಿಷನರರ ಅನುಮತಿ ಬೇಕು. ಇದು ಕಿರಿಕಿರಿ ನಿಜ. ಆದರೆ ಸಾರ್ವಜನಿಕರ ಆಸ್ತಿಯನ್ನು ಯಾರೋ ಒಬ್ಬರು ನುಂಗದಂತೆ ತಡೆಯುವ ಬೇಲಿಯೂ ಅದೇ.

ವಿದೇಶಿ ಹಣಕ್ಕೆ ಬೇರೆಯೇ ಬೇಲಿ. 1993ರಲ್ಲಿ 1976ರ ವಿದೇಶಿ ದೇಣಿಗೆ ಕಾಯ್ದೆ ಇತ್ತು. ಆ ನೋಂದಣಿ ಇಲ್ಲದ ಹಳ್ಳಿ ಸಂಸ್ಥೆಗೆ ಹೊರದೇಶದ ದಾನಿ ಸಿಕ್ಕರೂ ಕೇಂದ್ರದ ಪೂರ್ವಾನುಮತಿ ಇಲ್ಲದೆ ಹಣ ಪಡೆಯುವಂತಿರಲಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಒಂದು ಸಂಸ್ಥೆ ಆ ಹಣವನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ; ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗೇ ಬರಬೇಕು. ನಮ್ಮ ಮನೆಗಳಿಗೆ ಇದು ಮುಖ್ಯ. ದುಬೈಯಲ್ಲಿರುವ ಕಾಕ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ತನ್ನ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದ ನೆಂಟರು ಕೊಟ್ಟರೆ ವಿದೇಶಿ ದೇಣಿಗೆಯೇ.

ಇಷ್ಟೆಲ್ಲ ಅಡೆತಡೆಗಳ ನಡುವೆಯೂ ಉಳಿದ ಕೆಲಸಗಳಿವೆ. ಭಾರತೀಯ ಜೈನ್ ಸಂಘಟನೆ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ವರ್ಷಗಟ್ಟಲೆ ಓದಿಸಿತು. ಸ್ವಯಂ ಶಿಕ್ಷಣ ಪ್ರಯೋಗ್ ಸಂಸ್ಥೆ ಮನೆ ದುರಸ್ತಿಯಲ್ಲಿ ಹಳ್ಳಿಯ ಹೆಂಗಸರನ್ನೇ ಮುಂದೆ ನಿಲ್ಲಿಸಿ, ಸರ್ಕಾರಕ್ಕೂ ಮನೆಯವರಿಗೂ ನಡುವೆ ಮಾತಿನ ಸೇತುವೆ ಮಾಡಿತು. ಸಾಸ್ತೂರಿನ 'ಸ್ಪರ್ಶ್' ಗ್ರಾಮೀಣ ಆಸ್ಪತ್ರೆಯನ್ನು ಸರ್ಕಾರದ ಜೊತೆ ಕೈಜೋಡಿಸಿ ಒಂದು ಸೇವಾ ಸಂಸ್ಥೆ ನಡೆಸಿಕೊಂಡು ಬಂದಿದೆ. ಇವರೆಲ್ಲ ಉಳಿದದ್ದು ಕಟ್ಟಿ ಕೈತೊಳೆದುಕೊಳ್ಳದೆ, ನಡೆಸುವ ಹೊಣೆಯನ್ನೂ ಹೊತ್ತಿದ್ದರಿಂದ ಎಂದು ನನಗನಿಸುತ್ತದೆ. ಯಂತ್ರ ಕೂರಿಸುವುದು ಒಂದು ದಿನದ ಕೆಲಸ, ಅದಕ್ಕೆ ಎಣ್ಣೆ ಹಾಕುವುದು ಪ್ರತಿದಿನದ ಕೆಲಸ.

ನನ್ನ ಉಪ್ಪ ಅಂಗಡಿ ಮುಚ್ಚುವ ಮೊದಲು ಎಷ್ಟೇ ಸುಸ್ತಾಗಿದ್ದರೂ ಕಿರ್ದಿ ಪುಸ್ತಕ ಬರೆಯದೆ ಏಳುತ್ತಿರಲಿಲ್ಲ. ಸ್ವಂತ ವ್ಯಾಪಾರಕ್ಕೆ ಅಷ್ಟು ಲೆಕ್ಕ ಇಡುವ ನಾವು ಸಮುದಾಯದ ಹಣಕ್ಕೆ ಬಾಯಿಮಾತು ಸಾಕು ಅನ್ನುವುದು ಸರಿಯಲ್ಲ. ಹೊಸ ಟ್ರಸ್ಟ್ ಮಾಡುವ ಮೊದಲು ನಾಲ್ಕು ಪ್ರಶ್ನೆ ಕೇಳೋಣ: ಜಾಗ ಮತ್ತು ವಾಹನ ಸಂಸ್ಥೆಯ ಹೆಸರಿನಲ್ಲಿದೆಯೇ? ಟ್ರಸ್ಟಿಗಳು ಬದಲಾದಾಗ ದಾಖಲೆಯೂ ಬದಲಾಗುತ್ತದೆಯೇ? ಆದಾಯ ತೆರಿಗೆ ನೋಂದಣಿಯ ಅವಧಿ ಮುಗಿಯುವ ದಿನ ಯಾರಿಗೆ ಗೊತ್ತು? ಮೂರನೇ ವರ್ಷದ ಖರ್ಚು ಎಲ್ಲಿಂದ? ನಾಲ್ಕಕ್ಕೂ ಉತ್ತರ ಬರೆದಿಟ್ಟ ಮೇಲೆ ರಶೀದಿ ಪುಸ್ತಕ ಅಚ್ಚು ಹಾಕಿಸೋಣ. ಸದಕ ಕೊಟ್ಟವರು ಅದನ್ನು ಮರೆತುಬಿಡಬಹುದು, ಇಸಿದುಕೊಂಡ ನಾವು ಮರೆಯುವಂತಿಲ್ಲ, ಅದು ಅಮಾನತ್.