ಅಂಗವಿಕಲ ಮಹಿಳೆಯರು ಮತ್ತು ಗರ್ಭನಿರೋಧ

ಅಂಗವಿಕಲ ಮಹಿಳೆಯರು ಬಸಿರು ತಡೆಯಲು ತಾವಾಗಿ ಬಳಸಿದ ಮತ್ತು ಅವರ ಮೈಮೇಲೆ ಬೇರೆಯವರು ಪ್ರಯೋಗಿಸಿದ ವಿಧಾನಗಳ ಚರಿತ್ರೆ. ದಾಖಲೆಗಳಲ್ಲಿ ಎದ್ದು ಕಾಣುವುದು ಎರಡನೆಯದೇ.

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆದೇಶಿಸಿತು. ಆ ಕಾಲಕ್ಕೆ ಅದು ಮುಂದಾಲೋಚನೆಯ ಹೆಜ್ಜೆ. ಹೊರಗೆ ಮಾತ್ರ ಬೇರೆಯೇ ಗಾಳಿ ಬೀಸುತ್ತಿತ್ತು. ಅಮೆರಿಕದ ಸುಪ್ರೀಂ ಕೋರ್ಟು 1927ರಲ್ಲಿ, ಬಕ್ ಮೊಕದ್ದಮೆಯಲ್ಲಿ, ‘ಮಂದಬುದ್ಧಿ’ಯವರ ಬಲವಂತದ ಸಂತಾನಹರಣಕ್ಕೆ ಒಪ್ಪಿಗೆಯಿತ್ತಿತು. ಜರ್ಮನಿಯ 1933ರ ಇಂಥದೇ ಕಾನೂನಿಗೆ ಕಿವುಡರೂ ಸೇರಿ ಸುಮಾರು 4 ಲಕ್ಷ ಜನ ಬಲಿಯಾದರು.

ನಮ್ಮಲ್ಲಿ ಅಂಥ ಕಾನೂನು ಬರಲಿಲ್ಲ. ಬೇಕೂ ಆಗಲಿಲ್ಲ, ಪೋಷಕರ ಒಂದು ರುಜು ಸಾಕಿತ್ತು. 1994ರಲ್ಲಿ ಪುಣೆ ಬಳಿಯ ಶಿರೂರಿನ ಸರ್ಕಾರಿ ನಿಲಯದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶವನ್ನು ಸಸೂನ್ ಆಸ್ಪತ್ರೆಯಲ್ಲಿ ತೆಗೆಯಲಾಯಿತು. ಮುಟ್ಟಿನ ಶುಚಿ ನೋಡಿಕೊಳ್ಳುವುದು ಕಷ್ಟ ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದವು.

ಕಾನೂನು ನಿಧಾನವಾಗಿ ತಿರುಗಿತು. 2009ರ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚಂಡೀಗಢದ ನಿಲಯವೊಂದರಲ್ಲಿದ್ದ ಬುದ್ಧಿಮಾಂದ್ಯ ಯುವತಿ ಒಲ್ಲೆನೆಂದಾಗ ಗರ್ಭಪಾತ ಮಾಡಿಸಕೂಡದು ಎಂದಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 10ನೇ ಕಲಮಿನ ಪ್ರಕಾರ, ತಿಳಿದು ಒಪ್ಪದವರಿಗೆ ಮಕ್ಕಳಾಗದಂತೆ ಮಾಡುವ ಚಿಕಿತ್ಸೆ ಸಲ್ಲದು. ಒಪ್ಪಿಗೆಯಿಲ್ಲದೆ ಗರ್ಭ ತೆಗೆದವರಿಗೆ 6 ತಿಂಗಳಿಂದ 5 ವರ್ಷದವರೆಗೆ ಸೆರೆ. ಆದರೆ ವೈಕಲ್ಯ ‘ತೀವ್ರ’ವಾಗಿದ್ದರೆ ವೈದ್ಯರ ಅಭಿಪ್ರಾಯದ ಜೊತೆಗೆ ಪೋಷಕರ ಒಪ್ಪಿಗೆ ಸಾಕು. ಹಳೆಯ ರುಜು ಈ ಕಿಂಡಿಯಲ್ಲಿ ಉಳಿದುಕೊಂಡಿದೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸುಮಾರು 5.97 ಲಕ್ಷ ಅಂಗವಿಕಲ ಮಹಿಳೆಯರಿದ್ದರು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ, ರಾಜ್ಯದ ಉಳಿದೆಡೆಯಂತೆ, ಗರ್ಭನಿರೋಧವೆಂದರೆ ಬಹುಮಟ್ಟಿಗೆ ‘ಆಪರೇಷನ್’. ಮಕ್ಕಳ ನಡುವೆ ಅಂತರ ಬೇಕೆನ್ನುವವರಿಗೆ ವಂಕಿ, ಗುಳಿಗೆ, 2017ರಿಂದ ಮೂರು ತಿಂಗಳಿಗೊಮ್ಮೆ ಚುಚ್ಚುವ ‘ಅಂತರಾ’ ಇವೆ. ಆದರೆ ಎಲ್ಲವೂ ಎಲ್ಲ ಮೈಗೂ ಒಗ್ಗುವುದಿಲ್ಲ. ಪಾವಗಡದ ಫ್ಲೋರೈಡ್ ನೀರು ಕುಡಿದು ಸೊಂಟ, ಮಂಡಿ ಬಿಗಿದವರಿಗೆ ವಂಕಿ ಹಾಕಿಸಿಕೊಳ್ಳಲು ಎತ್ತರದ ಮೇಜು ಹತ್ತಿ ಕಾಲು ಮಡಿಸುವುದೇ ಯಾತನೆ. ಮೂರ್ಛೆರೋಗದ ಫೆನಿಟೋಯಿನ್, ಕಾರ್ಬಮಜೆಪಿನ್ ಮಾತ್ರೆಗಳು ಗರ್ಭನಿರೋಧಕ ಗುಳಿಗೆಯ ಬಲವನ್ನೇ ಕುಂದಿಸುತ್ತವೆ. ಗಾಲಿಕುರ್ಚಿಯಲ್ಲೇ ಕೂತಿರುವವರಿಗೆ ಈಸ್ಟ್ರೋಜನ್ ಇರುವ ಗುಳಿಗೆಯಿಂದ ರಕ್ತ ಹೆಪ್ಪುಗಟ್ಟುವ ಭಯ.

ಪ್ರತಿ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ರಾಜ್ಯ ನೇಮಿಸಿದೆ, ಅವರೂ ಅಂಗವಿಕಲರೇ. ಅವರ ಬಳಿಗೆ ಬರುವ ಮಾತು ಹೆಚ್ಚಾಗಿ ಪಿಂಚಣಿ, ಬಸ್ ಪಾಸು, ಗುರುತಿನ ಚೀಟಿಯದು. ಗರ್ಭನಿರೋಧದ ಮಾತು ಆಶಾ ಕಾರ್ಯಕರ್ತೆಯ ಪಾಲಿಗೆ. ಆಕೆ ಕೇಳಿದಾಗ ಕಿವುಡಿ ಸೊಸೆಯ ಪರವಾಗಿ ಉತ್ತರಿಸುವವರು ಅತ್ತೆ. ಇನ್ನು ಮಾಲಾ-ಎನ್ ಪೊಟ್ಟಣ: 28 ಗುಳಿಗೆಯಲ್ಲಿ 21 ಬಿಳಿ, ಅವು ಬಸಿರು ತಡೆಯುವವು, ಉಳಿದ 7 ಗಾಢ ಬಣ್ಣದ ಕಬ್ಬಿಣಾಂಶದವು. ವ್ಯತ್ಯಾಸ ತಿಳಿಯುವುದು ಬಣ್ಣದಿಂದ; ಕಣ್ಣು ಕಾಣದವಳು ಬೆರಳಲ್ಲಿ ಸಾಲು ಎಣಿಸಿಕೊಳ್ಳಬೇಕು.