ಜೋಡಣೆಯ ತಂತಿ ರ‍್ಯಾಕ್‌ಗಳು

ಉಕ್ಕಿನ ತಂತಿ ಬೆಸೆದು ಮಾಡಿದ ಶೆಲ್ಫ್, ಬುಟ್ಟಿ, ಜಾಲರಿಗಳನ್ನು ಕಂಬ, ಕೊಕ್ಕೆ ಇಲ್ಲವೇ ಕ್ಲಿಪ್‌ಗಳ ನೆರವಿನಿಂದ ಬೇಕಾದ ಎತ್ತರ ಅಗಲಕ್ಕೆ ಜೋಡಿಸಿ, ಬೇಡವೆಂದಾಗ ಬಿಚ್ಚಿ, ಮತ್ತೊಂದು ರೂಪದಲ್ಲಿ ಕಟ್ಟಬಹುದಾದ ಸಂಗ್ರಹ ವ್ಯವಸ್ಥೆ. ಅಡುಗೆಮನೆ, ಬಟ್ಟೆಯ ಕಪಾಟು, ಉಗ್ರಾಣ, ಬಚ್ಚಲುಮನೆ ಎಲ್ಲೆಡೆಯೂ ಬಳಕೆಯಲ್ಲಿದೆ. ಇಂದು ಕಾಣುವ ರೂಪ ಬಂದದ್ದು 20ನೆಯ ಶತಮಾನದ ನಡುಭಾಗದಲ್ಲಿ, ಮುಖ್ಯವಾಗಿ ಸ್ವೀಡನ್ ಮತ್ತು ಅಮೆರಿಕಗಳಲ್ಲಿ. ತಂತಿ ಎಳೆಯುವ ವಿದ್ಯೆ ಬಹಳ ಹಳೆಯದು. ಆದರೆ ತಂತಿಗೆ ತಂತಿಯನ್ನು, ಆಮೇಲೆ ಭಾಗಕ್ಕೆ ಭಾಗವನ್ನು ಹಿಡಿದಿಡುವ ಉಪಾಯ ಬದಲಾದಾಗಲೆಲ್ಲ ಈ ಸಾಧನ ಹೊಸ ರೂಪ ತಾಳಿದೆ. ಹೆಣಿಗೆ, ಬೆಸುಗೆ, ಕೊಕ್ಕೆ, ಬೆಣೆ, ಕ್ಲಿಪ್ ಎಂಬ ಕ್ರಮದಲ್ಲಿ ಇದರ ಇತಿಹಾಸವನ್ನು ಓದುವುದೇ ಸರಿಯಾದ ದಾರಿ.

ಹೆಣಿಗೆಯಿಂದ ಬೆಸುಗೆಗೆ

ಲೋಹದ ಸರಳನ್ನು ಒಂದಕ್ಕಿಂತ ಒಂದು ಕಿರಿದಾದ ರಂಧ್ರಗಳಲ್ಲಿ ತೂರಿಸಿ ಎಳೆದರೆ ಅದು ತೆಳುವಾಗುತ್ತ, ಉದ್ದವಾಗುತ್ತ ಹೋಗುತ್ತದೆ. ಮಧ್ಯಯುಗದ ಕೊನೆಯಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಈ ಕಸುಬಿನ ದೊಡ್ಡ ಕೇಂದ್ರ. ಅಲ್ಲಿ ನೀರಿನ ಚಕ್ರಗಳೇ ತಂತಿ ಎಳೆಯುತ್ತಿದ್ದವು. ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ತನ್ನ ಊರಿನ ಹೊರವಲಯದ ತಂತಿ ಗಿರಣಿಯೊಂದನ್ನು 15ನೆಯ ಶತಮಾನದ ಕೊನೆಗೆ ಜಲವರ್ಣದಲ್ಲಿ ಚಿತ್ರಿಸಿದ್ದಾನೆ.

ತಂತಿಯನ್ನು ಮನೆಯ ಸಾಮಾನಾಗಿಸಿದ ಕೀರ್ತಿಯ ದೊಡ್ಡ ಪಾಲು ಇಂದಿನ ಸ್ಲೊವಾಕಿಯಾದ ಅಲೆಮಾರಿ ಕುಶಲಕರ್ಮಿಗಳಿಗೆ ಸಲ್ಲಬೇಕು. ಅವರನ್ನು ದ್ರೋತಾರ್‌ಗಳೆಂದು ಕರೆಯುತ್ತಾರೆ. ಜಿಲಿನಾ ಸುತ್ತಲಿನ ಗುಡ್ಡಗಾಡಿನಲ್ಲಿ ಬೇಸಾಯ ಹೊಟ್ಟೆ ತುಂಬಿಸುತ್ತಿರಲಿಲ್ಲ. ಗಂಡಸರು ತಂತಿಯ ಸುರುಳಿ ಹೊತ್ತು ಊರೂರು ಅಲೆದು, ಬಿರುಕು ಬಿಟ್ಟ ಮಣ್ಣಿನ ಮಡಕೆಗಳಿಗೆ ತಂತಿಯ ಬಲೆ ಹೆಣೆದು ಮತ್ತೆ ಬಳಕೆಗೆ ತರುತ್ತಿದ್ದರು. ಬುಟ್ಟಿ, ಇಲಿಬೋನು, ಪಾತ್ರೆ ಇಡುವ ಮಣೆ ಮಾಡಿ ಮಾರುತ್ತಿದ್ದರು. ಬೆಸುಗೆ ಇಲ್ಲ, ಮೊಳೆ ಇಲ್ಲ. ಇಕ್ಕಳ ಮತ್ತು ಬೆರಳುಗಳ ಬಲದ ಮೇಲೆಯೇ ಎಲ್ಲ. 2019ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ತಡವಾಗಿಯಾದರೂ ಸಂದ ಗೌರವ ಅದು.

ಹೆಣೆದ ತಂತಿಗೆ ಒಂದು ಮಿತಿಯಿದೆ. ಗಂಟು ಸಡಿಲವಾದರೆ ಇಡೀ ವಸ್ತು ಸೊಟ್ಟಗಾಗುತ್ತದೆ. ಹೆಚ್ಚು ಭಾರ ಹೊರಿಸುವಂತಿಲ್ಲ, ಒಂದೇ ಅಳತೆಯ ಸಾವಿರ ತುಂಡು ಮಾಡುವಂತೆಯೂ ಇಲ್ಲ. ಈ ತೊಡಕು ಕಳೆದದ್ದು ವಿದ್ಯುತ್ ಬೆಸುಗೆಯಿಂದ. ಅಮೆರಿಕದ ಎಲಿಹು ಥಾಮ್ಸನ್ 1886ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಒಂದರ ಮೇಲೊಂದು ಅಡ್ಡಲಾಗಿ ಇಟ್ಟ ಎರಡು ತಂತಿಗಳನ್ನು ತಾಮ್ರದ ವಿದ್ಯುದಗ್ರಗಳ ನಡುವೆ ಒತ್ತಿ, ಕಡಿಮೆ ವೋಲ್ಟೇಜಿನಲ್ಲಿ ಭಾರೀ ಪ್ರಮಾಣದ ವಿದ್ಯುತ್ತನ್ನು ಕ್ಷಣಕಾಲ ಹರಿಸಿದರೆ, ಅವು ತಾಗುವ ಬಿಂದುವಿನಲ್ಲಿ ಮಾತ್ರ ಉಕ್ಕು ಕಾದು ಕೂಡಿಕೊಳ್ಳುತ್ತದೆ. ಹೊರಗಿನಿಂದ ಬೇರೆ ಲೋಹ ಸೇರಿಸಬೇಕಿಲ್ಲ. ಒಂದು ಜಾಲರಿಯ ಹತ್ತಾರು ಸಂದುಗಳನ್ನು ಒಂದೇ ಏಟಿಗೆ ಬೆಸೆಯಬಹುದು. ಇಂದಿನ ಕಾರ್ಖಾನೆಗಳಲ್ಲೂ ತಂತಿ ರ‍್ಯಾಕ್ ಹುಟ್ಟುವುದು ಇದೇ ವಿಧಾನದಿಂದ.

ಬೆಸೆದ ತಂತಿ ಜಾಲರಿ ವ್ಯಾಪಾರದ ಜಾಗಗಳಲ್ಲಿ ನೆಲೆಯೂರಿತು. ಬೇಕರಿಯ ತಟ್ಟೆ, ಹಾಲಿನ ಬಾಟಲಿಯ ಪೆಟ್ಟಿಗೆ, ರೆಫ್ರಿಜರೇಟರಿನ ಒಳಗಿನ ಶೆಲ್ಫ್ ಇವೆಲ್ಲ ಅದರಿಂದಲೇ ಆದವು. 1937ರಲ್ಲಿ ಓಕ್ಲಹೋಮ ಸಿಟಿಯ ಅಂಗಡಿ ಮಾಲೀಕ ಸಿಲ್ವನ್ ಗೋಲ್ಡ್‌ಮನ್ ಮಡಚುವ ಕುರ್ಚಿಯ ಚೌಕಟ್ಟಿಗೆ ಚಕ್ರ ಕೂಡಿಸಿ, ಎರಡು ತಂತಿ ಬುಟ್ಟಿ ಇಟ್ಟು, ಕೊಳ್ಳುವವರು ತಳ್ಳಿಕೊಂಡು ಹೋಗುವ ಗಾಡಿ ಮಾಡಿದ. ಕೊಂಡದ್ದು ಕಣ್ಣಿಗೆ ಕಾಣಬೇಕು, ಗಾಡಿ ಹಗುರವಾಗಿರಬೇಕು ಎಂಬ ಎರಡೂ ಅಗತ್ಯಗಳನ್ನು ತಂತಿ ಒಟ್ಟಿಗೆ ಪೂರೈಸಿತು.

ಸ್ವೀಡನ್: ಪಾತ್ರೆ ಸ್ಟ್ಯಾಂಡಿನಿಂದ ಪುಸ್ತಕದ ಕಪಾಟಿಗೆ

ಮನೆಯೊಳಗಿನ ಕಥೆ ತೊಳೆದ ತಟ್ಟೆಯಿಂದ ಶುರುವಾಗುತ್ತದೆ. ಫಿನ್ಲೆಂಡಿನ ಮೈಯು ಗೆಬ್ಹಾರ್ಡ್ ಮನೆಗೆಲಸದ ಶ್ರಮವನ್ನು ಅಧ್ಯಯನ ಮಾಡಿದ ಮಹಿಳೆ. ತೊಳೆದ ಪಾತ್ರೆಯನ್ನು ಒರೆಸಿ ಎತ್ತಿಡುವ ಕೆಲಸವೇ ಅನಗತ್ಯ ಎಂದು ಅವರು ಕಂಡುಕೊಂಡರು. 1940ರ ದಶಕದ ಮಧ್ಯದಲ್ಲಿ, ಸಿಂಕಿನ ನೇರ ಮೇಲೆ ತಳವಿಲ್ಲದ ಕಪಾಟು ಕೂರಿಸಿ, ಅದರೊಳಗಿನ ಸರಳುಗಳ ಮೇಲೆ ಪಾತ್ರೆ ಜೋಡಿಸಿದರೆ ನೀರು ತಾನಾಗಿ ಸಿಂಕಿಗೆ ಇಳಿಯುವಂತೆ ರೂಪಿಸಿದರು. ಮೊದಲು ಮರದ ಕಡ್ಡಿಗಳಿದ್ದ ಈ ಕಪಾಟಿಗೆ ಮುಂದೆ ಪ್ಲಾಸ್ಟಿಕ್ ಲೇಪದ ತಂತಿ ಬಂತು. ಫಿನ್ಲೆಂಡಿನ ಮನೆಗಳಲ್ಲಿ ಅದು ಇಂದಿಗೂ ಸರ್ವೇಸಾಮಾನ್ಯ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಸ್ಟಾಕ್‌ಹೋಮಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ನಿಲ್ಸ್ ಸ್ಟ್ರಿನ್ನಿಂಗ್ (1917-2006) ಪ್ಲಾಸ್ಟಿಕ್ ಲೇಪಿಸಿದ ತಂತಿಯ ಪಾತ್ರೆ ಸ್ಟ್ಯಾಂಡನ್ನು ವಿನ್ಯಾಸಗೊಳಿಸಿದ. ಬರಿಯ ಉಕ್ಕಿನ ತಂತಿ ಒದ್ದೆಯಲ್ಲಿ ತುಕ್ಕು ಹಿಡಿಯುತ್ತದೆ, ಪಿಂಗಾಣಿಯನ್ನು ಗೀರುತ್ತದೆ. ಲೇಪ ಎರಡಕ್ಕೂ ಮದ್ದಾಯಿತು. 1948ರಲ್ಲಿ ಆರ್ನೆ ಲಿಡ್ಮಾರ್ ಸ್ಥಾಪಿಸಿದ ಎಲ್ಫಾ ಕಂಪನಿ ಬೆಳೆದದ್ದು ಇಂಥ ಲೇಪಿತ ತಂತಿಯ ಸಾಮಾನುಗಳಿಂದಲೇ.

1949ರಲ್ಲಿ ಬೊನ್ನಿಯೆರ್ ಪ್ರಕಾಶನ ಸಂಸ್ಥೆ ಒಂದು ಸ್ಪರ್ಧೆ ಏರ್ಪಡಿಸಿತು. ಅಗ್ಗದ ಪುಸ್ತಕಗಳನ್ನು ಜನರಿಗೆ ಮಾರಬೇಕಾದರೆ ಅವನ್ನಿಡಲು ಅಗ್ಗದ ಕಪಾಟೂ ಬೇಕಲ್ಲವೇ? ಕಪಾಟು ಸುಲಭವಾಗಿ ಸಾಗಿಸುವಂತಿರಬೇಕು, ಯಾರು ಬೇಕಾದರೂ ಜೋಡಿಸುವಂತಿರಬೇಕು ಎಂಬುದು ಬೇಡಿಕೆ. ಗೆದ್ದದ್ದು ಸ್ಟ್ರಿನ್ನಿಂಗ್‌ನ 'ಸ್ಟ್ರಿಂಗ್'. ಅದರ ರಚನೆಯಲ್ಲಿ ಹೆಂಡತಿ ಕಾಯ್ಸಾಳ ಪಾಲೂ ಇದೆ. ಗೋಡೆಗೆ ತಗುಲಿಸುವ ತೆಳ್ಳನೆಯ ತಂತಿಯ ಏಣಿಗಳು, ಅವುಗಳ ಮೆಟ್ಟಿಲುಗಳಿಗೆ ಸಿಕ್ಕಿಸುವ ಮರದ ಹಲಗೆಗಳು, ಅಷ್ಟೇ. ಬಿಚ್ಚಿದರೆ ಒಂದು ಚಪ್ಪಟೆ ಕಟ್ಟು. ಪುಸ್ತಕ ಹೆಚ್ಚಾದರೆ ಪಕ್ಕಕ್ಕೆ ಇನ್ನೊಂದು ಏಣಿ ಸೇರಿಸಿದರಾಯಿತು. ನಡುವಣ ಏಣಿ ಎರಡೂ ಬದಿಯ ಹಲಗೆ ಹೊರುವುದರಿಂದ ಎರಡನೆಯ ಸಾಲಿಗೆ ತಗಲುವ ಸಾಮಗ್ರಿ ಮೊದಲನೆಯದಕ್ಕಿಂತ ಕಡಿಮೆ. ಜೋಡಣೆಯ ಪೀಠೋಪಕರಣದ ಜೀವಾಳವೆಲ್ಲ ಈ ಒಂದು ಲೆಕ್ಕದಲ್ಲಿದೆ. 1954ರ ಮಿಲಾನ್ ತ್ರಿಯೆನ್ನಾಲೆಯಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಗೂ ಅದು ಹೋಯಿತು. ಇಂದಿಗೂ ತಯಾರಾಗುತ್ತಿದೆ.

ಅಮೆರಿಕ: ಬೆಣೆಯ ಉಪಾಯ

ನಿಂತ ಕಂಬಗಳ ಮೇಲೆ ಹೊಳೆಯುವ ತಂತಿ ಶೆಲ್ಫ್‌ಗಳಿರುವ ರ‍್ಯಾಕ್ ಈಗ ಹೋಟೆಲು, ಆಸ್ಪತ್ರೆ, ಔಷಧಿ ಗೋದಾಮುಗಳಲ್ಲಿ ಕಾಣುತ್ತದೆ. ಅದು ಲೂಯಿಸ್ ಮಾಸ್ಲೋ ಎಂಬಾತನ ಕೊಡುಗೆ. ಆತ ಕಟ್ಟಿದ ತಂತಿ ಸಾಮಾನಿನ ಕಂಪನಿ 1929ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಗಿ ಮುಂದೆ ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿಗೆ ನೆಲೆ ಬದಲಿಸಿತು; 'ಮೆಟ್ರೊ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1960ರ ದಶಕದಲ್ಲಿ ಅದು ತಂದ 'ಸೂಪರ್ ಇರೆಕ್ಟಾ' ರ‍್ಯಾಕಿನ ಜೋಡಣೆಗೆ ಮಾಸ್ಲೋಗೆ 1969ರಲ್ಲಿ ಪೇಟೆಂಟ್ ದೊರೆಯಿತು.

ಈ ಜೋಡಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕಂಬದ ಸುತ್ತ ಇಂಚಿಗೊಂದರಂತೆ ಸಣ್ಣ ತೋಡುಗಳನ್ನು ಕೊರೆದಿರುತ್ತಾರೆ. ಲೆಕ್ಕ ತಪ್ಪದಿರಲೆಂದು ಪ್ರತಿ ಎಂಟು ಇಂಚಿಗೆ ಜೋಡಿ ತೋಡು. ಎರಡು ಹೋಳಿನ ಪ್ಲಾಸ್ಟಿಕ್ ತೋಳನ್ನು ಬೇಕಾದ ತೋಡಿನ ಮೇಲೆ ಒತ್ತಿದರೆ ಅದರ ಒಳಗಿನ ಏಣು ತೋಡಿನೊಳಗೆ ಕೂರುತ್ತದೆ. ತೋಳಿನ ಮೇಲ್ತುದಿ ಕಿರಿದು, ಕೆಳತುದಿ ಅಗಲ. ಶೆಲ್ಫಿನ ನಾಲ್ಕು ಮೂಲೆಯ ಬಳೆಗಳೂ ಅದೇ ಓರೆಯಲ್ಲಿವೆ. ಶೆಲ್ಫನ್ನು ಮೇಲಿನಿಂದ ಇಳಿಬಿಟ್ಟರೆ ಬಳೆಯು ತೋಳಿನ ಅಗಲದ ಭಾಗಕ್ಕೆ ಬಂದು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಮೇಲೆ ಭಾರ ಹೇರಿದಷ್ಟೂ ಬೆಣೆಯ ಹಿಡಿತ ಹೆಚ್ಚು. ನಟ್ಟು, ಬೋಲ್ಟು, ಸ್ಪ್ಯಾನರ್ ಯಾವುದೂ ಬೇಡ. ಬಿಚ್ಚಬೇಕಾದಾಗ ಮೂಲೆಯ ಬಳೆಗೆ ಕೆಳಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಸಾಕು. ತೋಳನ್ನು ತಲೆಕೆಳಗಾಗಿ ಕೂರಿಸಿದರೆ ಮಾತ್ರ ಹಿಡಿತವೇ ಸಿಗುವುದಿಲ್ಲ, ಶೆಲ್ಫ್ ಜಾರುತ್ತದೆ. ಹೊಸದಾಗಿ ಜೋಡಿಸುವವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ಶೆಲ್ಫಿನ ಅಂಚು ಕೂಡ ಜಾಣ್ಮೆಯದು. ಮೇಲೊಂದು ಕೆಳಗೊಂದು ದಪ್ಪ ತಂತಿ, ನಡುವೆ ಹಾವಿನಂತೆ ಬಳುಕುವ ಮತ್ತೊಂದು ತಂತಿ, ಮೂರನ್ನೂ ಬೆಸೆದು ಮಾಡಿದ ಪುಟ್ಟ ತೊಲೆ. ರೈಲು ಸೇತುವೆಯ ತ್ರಿಕೋನಗಳ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಹಾಗಾಗಿ ನಾಲ್ಕಡಿ ಉದ್ದದ ಇಂಥ ಶೆಲ್ಫ್ ಸಮನಾಗಿ ಹರಡಿದ ಸುಮಾರು 360 ಕಿಲೋ ಭಾರ ತಡೆಯಬಲ್ಲದು. ಗಾಳಿ ಬೆಳಕು ಆಡುತ್ತವೆ, ದೂಳು ಕೂರಲು ಜಾಗ ಕಡಿಮೆ, ತೊಳೆಯುವುದು ಸುಲಭ. ಆಹಾರ ಮತ್ತು ಆರೋಗ್ಯ ಕ್ಷೇತ್ರ ಇದನ್ನು ಬೇಗ ಒಪ್ಪಿಕೊಂಡದ್ದು ಈ ಕಾರಣಗಳಿಂದ.

ಮನೆಯೊಳಗೆ

ಹೋಟೆಲಿನ ಅಡುಗೆಮನೆಯ ರ‍್ಯಾಕನ್ನು ದಿವಾನಖಾನೆಯಲ್ಲಿಡಬಹುದು ಎಂಬ ಯೋಚನೆ ಹಬ್ಬಿದ್ದು 1970ರ ದಶಕದಲ್ಲಿ. ಜೋನ್ ಕ್ರಾನ್ ಮತ್ತು ಸುಝೇನ್ ಸ್ಲೆಸಿನ್ 1978ರಲ್ಲಿ ಹೊರತಂದ 'ಹೈ-ಟೆಕ್' ಎಂಬ ಪುಸ್ತಕ ಕಾರ್ಖಾನೆ, ಪ್ರಯೋಗಾಲಯ, ಆಸ್ಪತ್ರೆಗಳ ಸಾಮಾನನ್ನು ಮನೆಯಲ್ಲಿ ಬಳಸುವ ಶೈಲಿಗೆ ಹೆಸರು ಕೊಟ್ಟಿತು. ಅದೇ ವರ್ಷ ಅಮೆರಿಕದ ಡಲ್ಲಾಸ್‌ನಲ್ಲಿ 'ದ ಕಂಟೇನರ್ ಸ್ಟೋರ್' ತೆರೆಯಿತು. ಸಾಮಾನು ಇಡುವ ಸಾಮಾನನ್ನಷ್ಟೇ ಮಾರುವ ಆ ಅಂಗಡಿ ಸ್ವೀಡನ್ನಿನ ಎಲ್ಫಾ ಬುಟ್ಟಿಗಳನ್ನು ಅಮೆರಿಕದ ಮನೆಗಳಿಗೆ ಮುಟ್ಟಿಸಿತು. 1999ರಲ್ಲಿ ಎಲ್ಫಾ ಕಂಪನಿಯನ್ನೇ ಕೊಂಡಿತು. ಎಲ್ಫಾದ ಗೋಡೆ ವ್ಯವಸ್ಥೆಯಲ್ಲಿ ಮೇಲುಗಡೆ ಅಡ್ಡಲಾಗಿ ಒಂದೇ ಪಟ್ಟಿಯನ್ನು ಗೋಡೆಗೆ ಭದ್ರಪಡಿಸಿ, ಉಳಿದದ್ದನ್ನೆಲ್ಲ ಅದರಿಂದ ತೂಗುಬಿಡುತ್ತಾರೆ. ಒಂದು ಪಟ್ಟಿ ಮಟ್ಟಸವಾಗಿದ್ದರೆ ಕೆಳಗಿನದೆಲ್ಲ ತಾನಾಗಿ ಮಟ್ಟಸ.

ಇದಕ್ಕೆ ಸಮಾಂತರವಾಗಿ, 1965ರಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದ 'ಕ್ಲಾಸೆಟ್‌ಮೇಡ್' ಬಟ್ಟೆ ಕಪಾಟುಗಳಿಗೆ ವಿನೈಲ್ ಲೇಪದ ತಂತಿ ಶೆಲ್ಫ್ ತಂದಿತು. ಸೆಕೆಯ ಊರಿನಲ್ಲಿ ಬಟ್ಟೆಗೆ ಗಾಳಿಯಾಡುವುದು ದೊಡ್ಡ ಅನುಕೂಲ. ಮರಕ್ಕಿಂತ ಅಗ್ಗವಾದ್ದರಿಂದ ಮನೆ ಕಟ್ಟುವ ಗುತ್ತಿಗೆದಾರರು ಅದನ್ನೇ ಹಾಕಿದರು. ಆದರೆ ಮಡಚಿಟ್ಟ ಬಟ್ಟೆಯ ಮೇಲೆ ತಂತಿಯ ಗೆರೆ ಮೂಡುತ್ತದೆ, ಸಣ್ಣ ಡಬ್ಬಿಗಳು ಸಂದಿಯಲ್ಲಿ ಸೊಟ್ಟಗೆ ನಿಲ್ಲುತ್ತವೆ. ಈ ದೂರುಗಳಿಗೆ ಒಂದು ಪರಿಹಾರ ಶೆಲ್ಫಿನ ಮೇಲೆ ಹಾಳೆ ಹಾಸುವುದು.

ಕೊನೆಯ ಹಂತ ಚೌಕಗಳದ್ದು. ಸುಮಾರು 35 ಸೆಂಟಿಮೀಟರ್ ಅಗಲದ ಚೌಕ ಜಾಲರಿಗಳು, ಅವುಗಳ ಮೂಲೆ ಸಿಕ್ಕಿಸಲು ಸೀಳುಗಳುಳ್ಳ ದುಂಡನೆಯ ಪ್ಲಾಸ್ಟಿಕ್ ಕ್ಲಿಪ್‌ಗಳು. ಘನಾಕೃತಿಯ ಗೂಡುಗಳನ್ನು ಹೀಗೆ ಎಷ್ಟು ಬೇಕಾದರೂ ಕಟ್ಟಬಹುದು. ಬಾಡಿಗೆ ಮನೆಯ ವಿದ್ಯಾರ್ಥಿಗಳಿಗೂ ನಿಲುಕುವ ಬೆಲೆ. ಇದೇ ಚೌಕಗಳಿಂದ ಗಿನಿ ಹಂದಿಗಳಿಗೆ ವಿಶಾಲವಾದ ಗೂಡು ಕಟ್ಟುವ ರೂಢಿ ಪಾಶ್ಚಾತ್ಯ ದೇಶಗಳಲ್ಲಿ ಬೆಳೆದಿದೆ, ತಯಾರಕರು ಎಣಿಸಿರದ ಬಳಕೆ ಇದು. ಆದರೆ ಬೆಣೆಯ ಭದ್ರತೆ ಕ್ಲಿಪ್ಪಿಗಿಲ್ಲ. ಬೆಣೆ ಭಾರದಿಂದ ಬಿಗಿಯುತ್ತದೆ. ಕ್ಲಿಪ್ ಪಕ್ಕದ ನೂಕಿಗೆ ಬಿಚ್ಚಿಕೊಳ್ಳುತ್ತದೆ. ಓರೆಯ ಆಸರೆಯಿಲ್ಲದ ಎತ್ತರದ ಗೋಪುರ ಓಲಾಡುತ್ತದೆ. ಮೂಲೆಗಳನ್ನು ಪ್ಲಾಸ್ಟಿಕ್ ಟೈಗಳಿಂದ ಕಟ್ಟಿ, ಹಿಂಬದಿಗೂ ಜಾಲರಿ ಹಾಕಿ, ಗೋಡೆಗೆ ಆನಿಸಿ ನಿಲ್ಲಿಸಬೇಕು. ಮಕ್ಕಳಿರುವ ಮನೆಯಲ್ಲಿ ಇದನ್ನು ಕಡ್ಡಾಯವೆಂದೇ ತಿಳಿಯಬೇಕು.

ಲೇಪ ಮತ್ತು ತುಕ್ಕು

ಬೆಸುಗೆಯ ಬಿಂದುವೇ ತಂತಿ ರ‍್ಯಾಕಿನ ದುರ್ಬಲ ಜಾಗ. ಎರಡು ತಂತಿ ಕೂಡುವ ಸಂದಿಯಲ್ಲಿ ಲೇಪ ತೆಳುವಾಗುತ್ತದೆ, ನೀರು ನಿಲ್ಲುತ್ತದೆ, ತುಕ್ಕು ಅಲ್ಲಿಂದ ಆರಂಭವಾಗಿ ಲೇಪದ ಅಡಿಯಲ್ಲೇ ಹರಡುತ್ತದೆ. 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್, ಗಾಳಿಯೂದಿ ದ್ರವದಂತೆ ತೇಲಿಸಿದ ಪ್ಲಾಸ್ಟಿಕ್ ಪುಡಿಯೊಳಗೆ ಕಾದ ಲೋಹವನ್ನು ಅದ್ದುವ ವಿಧಾನ ಕಂಡುಹಿಡಿದ. ಬಣ್ಣ ಬಳಿದಾಗ ತಪ್ಪಿಹೋಗುವ ಮೂಲೆಗಳಿಗೂ ಪುಡಿ ಕರಗಿ ಅಂಟುವುದರಿಂದ ತಂತಿ ಸಾಮಾನಿಗೆ ಇದು ಹೇಳಿ ಮಾಡಿಸಿದಂತಿತ್ತು. ಕ್ರೋಮಿನ ಹೊಳಪಿನ ರ‍್ಯಾಕ್‌ಗಳಲ್ಲಿ ಕ್ರೋಮಿಯಂ ಪದರ ಒಂದು ಮೈಕ್ರಾನಿಗಿಂತ ತೆಳು. ತುಕ್ಕನ್ನು ತಡೆಯುವ ಕೆಲಸ ಅದರ ಕೆಳಗಿನ ನಿಕ್ಕಲ್ಲಿನದು. ನಿಕ್ಕಲ್ಲಿನಲ್ಲಿ ಜಿಪುಣತನ ಮಾಡಿದ ಅಗ್ಗದ ರ‍್ಯಾಕ್ ಬಚ್ಚಲುಮನೆಯಲ್ಲಿ ಬಹುಕಾಲ ಬಾಳುವುದಿಲ್ಲ.

ಕರ್ನಾಟಕದಲ್ಲಿ

ನಮ್ಮ ಹಳೆಯ ಮನೆಗಳಲ್ಲಿ ಸಾಮಾನಿಗೆ ಅಟ್ಟ, ನಾಗಂದಿಗೆ, ಗೋಡೆಯ ಗೂಡು ಇದ್ದವು. ಹಾಲು ಬೆಣ್ಣೆಗೆ ತೊಲೆಯಿಂದ ಇಳಿಬಿಟ್ಟ ನೆಲುವು. ಗಾಳಿಯಾಡಬೇಕು, ಇರುವೆ ಬೆಕ್ಕುಗಳ ಕೈಗೆ ಸಿಗಬಾರದು ಎಂಬ ಅಗತ್ಯವನ್ನು ಹಗ್ಗದ ನೆಲುವು ಚೆನ್ನಾಗಿಯೇ ನೆರವೇರಿಸುತ್ತಿತ್ತು. ತಂತಿಯ ಸಾಮಾನು ಇಲ್ಲಿ ಮನೆಮಾತಾದದ್ದು ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆ ಸ್ಟ್ಯಾಂಡಿನ ಮೂಲಕ. ತಟ್ಟೆಗಳನ್ನು ನಿಲ್ಲಿಸುವ ಸಾಲು, ಲೋಟಗಳನ್ನು ಬೋರಲು ಹಾಕುವ ಅಂತಸ್ತು, ಚಮಚ ಸೌಟುಗಳ ಡಬ್ಬಿ, ಕಪ್ಪುಗಳ ಕೊಕ್ಕೆ ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಅಡಕಗೊಳಿಸಿದ, ಗೋಡೆಗೆ ಸ್ಕ್ರೂ ಹಾಕಿ ನಿಲ್ಲಿಸುವ ಈ ಸ್ಟ್ಯಾಂಡ್ ಗೆಬ್ಹಾರ್ಡ್ ಅವರ ಕಪಾಟಿನ ಉದ್ದೇಶವನ್ನೇ ಸಾಧಿಸುತ್ತದೆ, ಬಾಗಿಲಿಲ್ಲದೆ. ಆದರೆ ಅದು ಜೋಡಣೆಯ ವ್ಯವಸ್ಥೆಯಲ್ಲ, ಒಂದೇ ತುಂಡು. ಜೋಡಣೆಯ ತತ್ತ್ವ ಇಲ್ಲಿ ಮೊದಲು ಹಬ್ಬಿದ್ದು ಅಂಗಡಿ ಗೋದಾಮುಗಳ ರಂಧ್ರದ ಆಂಗಲ್ ರ‍್ಯಾಕಿನಿಂದ. ಅದು ಡಿಮೆಟ್ರಿಯಸ್ ಕೊಮಿನೊ 1947ರಲ್ಲಿ ಇಂಗ್ಲೆಂಡಿನಲ್ಲಿ 'ಡೆಕ್ಸಿಯನ್' ಹೆಸರಿನಲ್ಲಿ ತಂದದ್ದು. ಮನೆಯ ಮಟ್ಟಿಗೆ, ಫ್ಲ್ಯಾಟುಗಳ ಜೊತೆಗೆ ಬಂದ ಮಾಡ್ಯುಲರ್ ಕಿಚನ್‌ಗಳು ಕಪಾಟಿನೊಳಗೆ ಹಳಿಗಳ ಮೇಲೆ ಜಾರುವ ತಂತಿ ಬುಟ್ಟಿಗಳನ್ನು ತಂದವು.

ಕರಾವಳಿಯ ಉಪ್ಪುಗಾಳಿಗೆ ಕ್ರೋಮ್ ರ‍್ಯಾಕ್ ತಡೆಯುವುದು ಕಷ್ಟ; ಅಲ್ಲಿ ಸ್ಟೇನ್‌ಲೆಸ್ ಸ್ಟೀಲೇ ಲೇಸು. ಅದರಲ್ಲೂ 304 ದರ್ಜೆಯದು, ನಿಕ್ಕಲ್ಲಿಗೆ ಬದಲಾಗಿ ಮ್ಯಾಂಗನೀಸ್ ಹೆಚ್ಚಿಸಿದ 202ಕ್ಕಿಂತ ತುಕ್ಕಿಗೆ ಗಟ್ಟಿ. ಆಯಸ್ಕಾಂತ ಹಿಡಿದು ದರ್ಜೆ ತೋರಿಸುವ ವಾಡಿಕೆ ಅಂಗಡಿಗಳಲ್ಲಿದೆ. ಎರಡೂ ದರ್ಜೆಗಳು ಆಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲವಾದ್ದರಿಂದ ಆ ಪರೀಕ್ಷೆಯಿಂದ ಇವೆರಡರ ವ್ಯತ್ಯಾಸ ತಿಳಿಯದು. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದೇ ಮೇಲು. ಹಳೆಯದಾದ ಮೇಲೆ ಸ್ಟೇನ್‌ಲೆಸ್ ತಂತಿಗೆ ಗುಜರಿಯಲ್ಲಿ ಸಾದಾ ಕಬ್ಬಿಣಕ್ಕಿಂತ ಒಳ್ಳೆಯ ಬೆಲೆ ಸಿಗುತ್ತದೆ. ಪಿವಿಸಿ ಲೇಪದ ತಂತಿಯನ್ನು ಸುಟ್ಟು ಲೇಪ ತೆಗೆಯಬಾರದು. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಅಪಾಯಕಾರಿ ಅನಿಲ ಹೊಮ್ಮುತ್ತದೆ.